ಎಡಗೈ ಮೇಲಿನ ಗೇರಿನ ಬೊಟ್ಟು

ಗೇರು ಅಂದ ಕೂಡಲೇ ಗೋಡಂಬಿ ನೆನೆಸಿಕೊಂಡು ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. ನಾನು ಹೇಳುತ್ತಿರುವುದು ಕರಿಗೇರಿನ ಮಾತು. ಕಲ್ಲುಗುಡ್ಡಗಳ ಸಂದಿಯಲ್ಲಿ ಬೆಳೆಯುವ ಮರ ಅದು. ಅಗಲವಾದ ಎಲೆ, ಕಪ್ಪಗೆ ಮಿಂಚುವ ಕಾಯಿ. ಆ ಕಾಯಿಯ ಸಿಪ್ಪೆಯೊಳಗೆ ಒಂದು ಎಣ್ಣೆ ಇರುತ್ತದೆ. ಬಟ್ಟೆಗೆ ತಾಗಿದರೆ ಬಟ್ಟೆ ಹರಿದುಹೋದರೂ ಕಲೆ ಹೋಗುವುದಿಲ್ಲ. ಮೈಗೆ ತಾಗಿದರೆ ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಕಾದ ಎಣ್ಣೆ ಸಿಡಿದ ಹಾಗೆ ಗುಳ್ಳೆ ಏಳುತ್ತವೆ. ಮರದ ಕೆಳಗೆ ನಿಂತೇ ಮೈ ಊದಿಸಿಕೊಂಡು ಬರುವವರೂ ಇದ್ದಾರೆ. ನಾನು ಆ ಗುಳ್ಳೆ ಏಳುವ ಜಾತಿಯವಳು. ಅಂಥವಳು ಹೋಗಿ ಹೋಗಿ ಸೇರಿದ್ದು ಗಂಗಾವತಿಯಲ್ಲಿ ಗೇರಬೀಜದಿಂದಲೇ ಹೆಸರಾದ ಮನೆಗೆ. ಸೇರಿದ್ದೇನು, ಮೋಸ ಮಾಡಿಯೇ ಸೇರಿದೆ. ಅದನ್ನು ಮುಚ್ಚಿಟ್ಟು ಬರೆಯುವುದಾದರೆ ಪೆನ್ನು ಹಿಡಿಯುವುದೇ ಬೇಡ.

ನನ್ನ ಅತ್ತೆಯದು ಬಟ್ಟೆ ಒಗೆಯುವ ಮನೆತನ. ಅಕ್ಕಿ ಮಿಲ್ಲಿನ ಸಾಹುಕಾರರ ಧೋತರ, ಲಾಡ್ಜಿನ ಚಾದರ, ಸಾಲಿ ಮಾಸ್ತರರ ಅಂಗಿ, ಎಲ್ಲ ಬಂದು ಅವರ ಕಲ್ಲಿನ ಮೇಲೆ ಬೀಳುತ್ತಿದ್ದವು. ಯಾವ ಬಟ್ಟೆ ಯಾರದು ಎಂದು ತಿಳಿಯಲು ಗುರುತು ಬೇಕಲ್ಲ, ಅದಕ್ಕೆ ಉಳಿದವರೆಲ್ಲ ಅಳಿಸದ ಮಸಿಯ ಪೆನ್ನು ಹಿಡಿದು ಎಷ್ಟೋ ಕಾಲವಾಗಿತ್ತು. ಅತ್ತೆ ಮಾತ್ರ ಗೇರಬೀಜ ಬಿಟ್ಟಿರಲಿಲ್ಲ. ಬೀಜಕ್ಕೆ ಸೂಜಿ ಚುಚ್ಚಿ ಎಣ್ಣೆ ತೆಗೆದು ಬಟ್ಟೆಯ ಅಂಚಿನ ಒಳಗೆ ಒಂದು ಮನೆಗೆ ಒಂದು ಚುಕ್ಕಿ, ಇನ್ನೊಂದು ಮನೆಗೆ ಎರಡು ಗೆರೆ, ಮತ್ತೊಂದಕ್ಕೆ ಗೆರೆಯ ಮೇಲೊಂದು ಚುಕ್ಕಿ ಇಡುತ್ತಿದ್ದರು. ಮೇಲೆ ಸುಣ್ಣ ಒತ್ತಿದರೆ ಗುರುತು ಕಪ್ಪಗೆ ಕೂತುಬಿಡುತ್ತಿತ್ತು. ಊರ ತುಂಬ ಇದ್ದ ಅಷ್ಟೂ ಗಿರಾಕಿಗಳ ಗುರುತು ಅವರ ತಲೆಯಲ್ಲಿ. ಅವರಿಗೆ ಓದು ಬರಹ ಬರುತ್ತಿರಲಿಲ್ಲ, ಬರದಿದ್ದುದಕ್ಕೆ ಬೇಜಾರೂ ಇರಲಿಲ್ಲ. "ಬರೆದಿಟ್ಟಿದ್ದು ಕಳದ್ರ ಹೋತು. ನನ್ನ ತಲಿ ಎಲ್ಲಿ ಕಳಿತೈತಿ?" ಎನ್ನುತ್ತಿದ್ದರು.

ಅದೇ ಎಣ್ಣೆ ಔಷಧಿಯೂ ಹೌದು. ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟರೆ ಪಕ್ಕದ ಮರಳಿ ಊರಿನ ಕಡೆ ಭತ್ತದ ನಾಟಿ ಶುರು. ಬೆಳಗಿನಿಂದ ಸಂಜೆಯವರೆಗೆ ಕೆಸರಲ್ಲಿ ನಿಂತ ಹೆಂಗಸರ ಕಾಲ್ಬೆರಳ ಸಂದಿ ಬೆಳ್ಳಗೆ ಕೊಳೆತು ಬಿರಿಯುತ್ತದೆ. ಕೆಸರುಹುಣ್ಣು ಅಂತಾರೆ. ಅಂಥ ಕಾಲುಗಳೆಲ್ಲ ಸಂಜೆ ಹೊತ್ತಿಗೆ ನಮ್ಮ ಮನೆಯ ಅಂಗಳಕ್ಕೆ ಕುಂಟುತ್ತಾ ಬರುತ್ತಿದ್ದವು. ಅತ್ತೆ ಕಾಲು ತೊಳೆಸಿ, ಒಣಬಟ್ಟೆಯಲ್ಲಿ ಒರೆಸಿ, ಸೂಜಿಗೆ ಚುಚ್ಚಿದ ಬೀಜವನ್ನು ದೀಪಕ್ಕೆ ಹಿಡಿಯುತ್ತಿದ್ದರು. ಬೀಜ ಚುರ್ ಎಂದು ಕರಿಹನಿ ಮೂಡಿದ ಕೂಡಲೇ ಅದನ್ನು ಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಹುಣ್ಣಿನ ಅಂಚಿಗೆ ತಾಗಿಸಿಯೂ ತಾಗಿಸದ ಹಾಗೆ ತಾಗಿಸುತ್ತಿದ್ದರು. ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತಿತ್ತು. "ಕಾಲ ಅಲುಗಾಡಿಸಬ್ಯಾಡ, ನಿನ್ನ ಗಂಡನ ಮುಂದ ಕುಣಿ ಹೋಗು" ಅಂದರೆ ನೋವಿನಲ್ಲೂ ಹೆಂಗಸರು ಕಿಸಕ್ಕೆಂದು ನಗುತ್ತಿದ್ದರು.

ಹಾಗಂತ ಬಂದವರಿಗೆಲ್ಲ ಹಚ್ಚುತ್ತಿರಲಿಲ್ಲ. ಬಸುರಿಗೆ ಇಲ್ಲ, ಕೂಸಿಗೆ ಇಲ್ಲ. ಹೊಸಬರಾದರೆ ಮೊದಲು ಮೊಣಕೈಯ ಕೆಳಗೆ, ಒಳಬದಿಗೆ, ಸಾಸಿವೆಯಷ್ಟು ಬೊಟ್ಟು. ಐದು ದಿನ ಬಿಟ್ಟು ಬರಬೇಕು. ಬೊಟ್ಟು ಕಪ್ಪಗೆ ಸುಮ್ಮನೆ ಕೂತಿದ್ದರೆ ಔಷಧಿ, ಗುಳ್ಳೆ ಎದ್ದಿದ್ದರೆ "ನಿನಗ ಆಗಿಬರಂಗಿಲ್ಲವಾ, ದವಾಖಾನಿಗೆ ಹೋಗು". ಎಷ್ಟು ಅತ್ತರೂ ಕರೆದರೂ ಅವರ ಮನಸ್ಸು ಕರಗುತ್ತಿರಲಿಲ್ಲ. ಯಾರಿಗೆ ಬೊಟ್ಟು ಇಟ್ಟದ್ದು, ಯಾರಿಗೆ ಇಲ್ಲ, ಯಾರಿಗೆ ಎದ್ದಿತ್ತು, ಎಲ್ಲ ಮತ್ತೆ ಅದೇ ತಲೆಯಲ್ಲಿ.

ಆ ಮನೆಗೆ ಸೊಸೆ ತರುವಾಗಲೂ ಅದೇ ಪರೀಕ್ಷೆ. ಬೀಜದ ಹೊಗೆ ಆಡುವ ಮನೆಯಲ್ಲಿ ಗುಳ್ಳೆ ಏಳುವ ಮೈಯವಳು ಬಾಳುವುದು ಹೇಗೆ? ಜಾತಕ ಪಾತಕ ಏನೂ ಕೇಳದ ಅತ್ತೆ ಹೆಣ್ಣು ನೋಡಲು ನಮ್ಮೂರು ಅಳವಂಡಿಗೆ ಬಂದವರೇ ಸೊಂಟದಿಂದ ಸಣ್ಣ ಡಬ್ಬಿ ತೆಗೆದರು. ನಮ್ಮಪ್ಪನದು ಇಸ್ತ್ರಿ ಅಂಗಡಿ. ಕುಲ ಒಂದೇ ಆದರೂ ನಮ್ಮ ಮನೆಯಲ್ಲಿ ಗೇರಬೀಜವನ್ನು ಯಾರೂ ಕಣ್ಣಿಂದ ನೋಡಿದವರಲ್ಲ. ಒಲೆಯ ಕೆಂಡಕ್ಕೆ ಬೀಜ ತೋರಿಸಿ, "ಎಡಗೈ ಕೊಡ ಇಲ್ಲೆ" ಎಂದು ನನ್ನ ಕೈ ಎಳೆದುಕೊಂಡು ಬೊಟ್ಟು ಇಟ್ಟು, ಮೇಲೆ ಸುಣ್ಣ ಒತ್ತಿದರು.

"ಬರೋ ಸೋಮವಾರ ಬಂದು ನೋಡ್ತೀನ್ರಿ. ಬೊಟ್ಟು ಸುಮ್ನ ಕುಂತಿದ್ರ ಅವತ್ತೇ ಸಕ್ಕರಿ ತಿನ್ನೋಣು. ಎದ್ದಿದ್ರ ನಿಮ್ಮ ಹುಡುಗಿ ಬಂಗಾರದಂಥಾಕಿ, ಬ್ಯಾರೆ ಮನಿ ನೋಡ್ರಿ. ಮನಸಿಗೆ ಹಚ್ಕೋಬ್ಯಾಡ್ರಿ" ಅಂದರು ಅವ್ವನಿಗೆ.

ನನಗೆ ಆ ಸಂಬಂಧ ಬೇಕಾಗಿತ್ತು. ಕಾರಣ ಹೇಳಿದರೆ ನಗುತ್ತೀರಿ. ನಮ್ಮ ಮನೆಯಲ್ಲಿದ್ದದ್ದು ಒಂದೇ ಟೇಬಲ್ ಫ್ಯಾನು. ಅದನ್ನು ಬಂದವರ ಕಡೆ ತಿರುಗಿಸಿ ಇಟ್ಟಿದ್ದರು. ನಾನು ತಲೆ ತಗ್ಗಿಸಿ ನಿಂತು ಬೆವರುತ್ತಿದ್ದೆ. ಅತ್ತೆಯ ಜೊತೆ ಬಂದಿದ್ದ ಹುಡುಗ ಚಹಾದ ಬಸಿ ಕೆಳಗಿಟ್ಟು ಕೈ ಚಾಚಿ ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಅಷ್ಟೇ. ಅಷ್ಟಕ್ಕೇ ನಾನು ಮುಗಿದುಹೋದೆ. ಅವನಿಗಿಂತ ಮೊದಲು ಮೂವರು ನೋಡಿ ಹೋಗಿದ್ದರು, ಒಬ್ಬರಿಗೂ ನನ್ನ ಬೆವರು ಕಂಡಿರಲಿಲ್ಲ.

ಎರಡನೆಯ ದಿನಕ್ಕೆ ಬೊಟ್ಟಿನ ಸುತ್ತ ಕೆಂಪಾಯಿತು. ಮೂರನೆಯ ದಿನಕ್ಕೆ ನೀರುಗುಳ್ಳೆ. ನಾಲ್ಕನೆಯ ದಿನಕ್ಕೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಊತ. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಅವ್ವ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ತಲೆಗೆ ಸೆರಗು ಹೊದ್ದು ಕೊಪ್ಪಳದ ಬಸ್ಸು ಹತ್ತಿದಳು. ಅಲ್ಲಿ ಗಿಡಮೂಲಿಕೆ ಮಾರುವ ಸಾಬರ ಅಂಗಡಿಯಲ್ಲಿ ಅವರ ಮಾತಿನಲ್ಲಿ "ಭಿಲಾವಾ" ಎಂದು ಕೇಳಿ ಎರಡು ಗೇರಬೀಜ ತಂದಳು.

"ನೋಡ, ಎಡಗೈಗೆ ಇಟ್ಟಾರೋ ಬಲಗೈಗೋ ಅಂತ ಯಾರು ನೆನಪಿಟ್ಕೊಂಡಿರ್ತಾರ? ಸೋಮವಾರ ಮುಂಜಾನಿ ಬಲಗೈಗೆ ಹೊಸಾದ ಇಡ್ತೀನಿ. ಅವರು ಹೋಗೋತನ ಅದು ಏಳಂಗಿಲ್ಲ" ಅಂದಳು. ನಾನು ಬೇಡ ಅನ್ನಲಿಲ್ಲ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಸೋಮವಾರ ಅತ್ತೆ ಬಂದರು. ನಾನು ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಬಲಗೈ ಚಾಚಿದೆ. ಅವರು ಹೆಬ್ಬೆಟ್ಟಿಗೆ ಉಗುಳು ಹಚ್ಚಿ ತಿಕ್ಕಿದರು. ಬೊಟ್ಟು ಹೋಗಲಿಲ್ಲ, ನಿಜವಾದ ಗೇರಲ್ಲವೇ. ಮೈಯೂ ಎದ್ದಿರಲಿಲ್ಲ. ಆದರೂ ಕೈ ಬಿಡಲಿಲ್ಲ. ಹುಬ್ಬು ಗಂಟು ಹಾಕಿಕೊಂಡು ಒಮ್ಮೆ ಕೈ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ಎಡಗೈಗೆ ಇಟ್ಟಂಗಿತ್ತಲ್ಲ ನಾ?" ಅಂದರು.

"ಇಲ್ಲರೀ ಬೀಗತಿ, ಬಲಗೈಗೇ ಇಟ್ರಿ. ನಾ ಇಲ್ಲೇ ನಿಂತಿದ್ದೆ" ಎಂದಳು ಅವ್ವ, ಸಕ್ಕರೆಯ ಬಟ್ಟಲು ಮುಂದೆ ಹಿಡಿದು.

"ಹೌದೇನ್ರಿ? ಇರಬೇಕು ಹಂಗಾರ" ಎಂದು ಅತ್ತೆ ಸಕ್ಕರೆ ಬಾಯಿಗೆ ಹಾಕಿಕೊಂಡರು. ಲಗ್ನ ಗೊತ್ತಾಯಿತು. ಅವರು ಬಸ್ಸು ಹತ್ತಿದ ಮರುದಿನ ನನ್ನ ಎರಡೂ ಕೈ ಊದಿದ್ದವು, ಆದರೂ ನಾನು ಮನೆ ತುಂಬ ಹಾರಾಡುತ್ತಿದ್ದೆ.

ಬೇಸಿಗೆಯಲ್ಲಿ ಲಗ್ನವಾಗಿ ಗಂಗಾವತಿಗೆ ಬಂದೆ. ಬೀಜ ಕಾಯಿಸುವ ದಿನ ತಪ್ಪಿಸಿಕೊಳ್ಳಲು ನನ್ನ ಬತ್ತಳಿಕೆಯಲ್ಲಿದ್ದದ್ದು ಒಂದೇ ಬಾಣ. "ಅತ್ತಿ, ನಾ ಹೊರಗಾಗೀನ್ರಿ" ಅಂದುಬಿಡುವುದು. ಹಿತ್ತಲಲ್ಲಿ ದೂರ ಕೂತರೆ ಮುಗಿಯಿತು. ಒಂದು ತಿಂಗಳಲ್ಲಿ ಮೂರು ಸಲ ಹೊರಗಾದೆ. ಪಕ್ಕದ ಮನೆಯಲ್ಲೇ ಇದ್ದ ನನ್ನ ಗಂಡನ ಸೋದರತ್ತೆ ಬೆರಳು ಮಡಚಿ ಲೆಕ್ಕ ಹಾಕಿ, "ಅಲಲಲ, ಇದೆಂಥಾ ಮೈಯವಾ ನಿಂದು? ಡಾಕ್ಟರಿಗೆ ತೋರಿಸ್ತೀಯೇನ?" ಎಂದು ಕೇಳಿದರು. ಆ ಮುದುಕಿಯ ಕಣ್ಣಿಗೆ ಮಣ್ಣೆರಚುವುದು ಸುಲಭವಿರಲಿಲ್ಲ.

ಇದೆಲ್ಲ ನಗೆಯ ಮಾತಾಗಿಯೇ ಉಳಿಯುತ್ತಿತ್ತು. ಆದರೆ ದಿನ ಕಳೆದಂತೆ ನಾನು ಒಂದು ಸಂಗತಿ ಗಮನಿಸಿದೆ. ಅತ್ತೆ ಬಟ್ಟೆ ಗಂಟು ಕಟ್ಟುವಾಗ ಅಂಚು ತಿರುಗಿಸಿ ಗುರುತು ನೋಡುತ್ತಿದ್ದರು, ಮತ್ತೆ ನೋಡುತ್ತಿದ್ದರು, ಆಮೇಲೆ ಮಗನನ್ನು ಕರೆದು "ಇದು ಯಾರ ಮನಿದೋ?" ಎಂದು ಕೇಳುತ್ತಿದ್ದರು. ನನ್ನ ಗಂಡ "ನಿನಗ ಗೊತ್ತಿಲ್ಲೇನಬೇ?" ಅಂದರೆ, "ಗೊತ್ತೈತಿ, ಖರೇ ಆದ್ರೂ ಒಮ್ಮಿ ಹೇಳು" ಎನ್ನುತ್ತಿದ್ದರು. ಅತ್ತೆ ಅಂದುಕೊಂಡದ್ದೇ ಪ್ರತಿ ಸಲವೂ ಸರಿ ಇರುತ್ತಿತ್ತು. ಒಂದು ದಿನ ಪಕ್ಕದ ಸೋದರತ್ತೆಯ ಮುಂದೆ ಕೂತು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ನನ್ನ ತಲಿ ಕೆಡಾಕತ್ತೈತಿ ಅನಸ್ತೈತಿ. ಈ ಹುಡುಗಿಗೆ ಎಡಗೈಗೆ ಬೊಟ್ಟು ಇಟ್ಟದ್ದು ನನ್ನ ಕಣ್ಣಿಗೆ ಕಟ್ಟಿದಂಗೈತಿ. ಹೋಗಿ ನೋಡಿದ್ರ ಬಲಗೈಯಾಗಿತ್ತು. ಅವತ್ತಿನಿಂದ ಯಾವುದೂ ನಂಬಿಕಿ ಬರವಲ್ದು. ಸಾಲಿ ಕಲಿಲಾರದಾಕಿಗೆ ಇರೋದೊಂದು ತಲಿ. ಅದೂ ಹೋದ್ರ ನಂದೇನೈತಿ?"

ನಾನು ಹಿಟ್ಟು ನಾದುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಥೂ ನನ್ನ! ಒಂದು ಬೊಟ್ಟಿನ ಮೋಸ ಅಂದುಕೊಂಡಿದ್ದೆ. ನಾವು ತಾಯಿ ಮಗಳು ಸೇರಿ ಆ ಹೆಂಗಸಿನ ನೆಚ್ಚಿಕೆಯನ್ನೇ ಕಿತ್ತುಕೊಂಡಿದ್ದೆವು. ಅಂದೇ ಹೇಳಿಬಿಡಬೇಕಿತ್ತು. ಹೇಳಿದರೆ ಮರುದಿನವೇ ಅಳವಂಡಿ. ಫ್ಯಾನು ತಿರುಗಿಸಿದ ಆ ಮನುಷ್ಯನನ್ನು ಬಿಟ್ಟು ಹೋಗಲು ನನಗೆ ಕಾಲು ಬರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಕಾಲುವೆಗೆ ನೀರು ಬಂತು, ನಾಟಿ ಶುರುವಾಯಿತು, ಕಾಲುಗಳು ಅಂಗಳಕ್ಕೆ ಬರತೊಡಗಿದವು. ಒಂದು ಸಂಜೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತಿದ್ದರು. ನಾನು ಹಿತ್ತಲಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆ ಬೀಜ ಕಾಯಿಸಿ ಒಬ್ಬಳ ಕಾಲು ಹಿಡಿದರು, ತಡೆದರು, "ನಿನಗ ಬೊಟ್ಟು ಇಟ್ಟೀನೇನ ನಾ?" ಎಂದು ಕೇಳಿದರು. ಆಕೆ "ಹೋದ ವರ್ಷನೇ ಇಟ್ಟೀರಲ್ರಿ ಯವ್ವಾ" ಅಂದಳು. ಅತ್ತೆಗೆ ಸಮಾಧಾನವಾಗಲಿಲ್ಲ, ತೋಳು ತಿರುಗಿಸಿ ನೋಡಿದರು. ಕಡ್ಡಿಯ ಮೇಲಿನ ಹನಿ ಆರಿಹೋಯಿತು. ಮತ್ತೆ ಕಾಯಿಸಿದರು, ಮತ್ತೆ ಅನುಮಾನ. ಬೈಗುಳ ಒಂದೂ ಇಲ್ಲ. ಬೈಯದ ಅತ್ತೆಯನ್ನು ನಾನು ಅವತ್ತೇ ಮೊದಲು ನೋಡಿದ್ದು, ನನಗೆ ತಡೆಯಲಾಗಲಿಲ್ಲ.

ಹೋಗಿ ದೀಪ ಎತ್ತಿ ಹಿಡಿದೆ. "ನೀವು ಹಚ್ರಿ ಅತ್ತಿ. ನಾ ಒಬ್ಬೊಬ್ಬರನ್ನ ಕೇಳಿ ಹೇಳ್ತೀನಿ" ಅಂದೆ. ಅತ್ತೆ ತಲೆ ಎತ್ತಿ, "ಇವತ್ತ ಒಳಗದೀ ಅನ್ನು" ಅಂದರು. ಹೆಂಗಸರು ನಕ್ಕರು. ಒಬ್ಬೊಬ್ಬರನ್ನೇ ಕೇಳಿದೆ. ಅತ್ತೆ ಯಾರದು ಏನೆಂದು ನೆನಪಿಟ್ಟುಕೊಂಡಿದ್ದರೋ ಅದೇ ಸರಿ ಇತ್ತು, ಒಂದೂ ತಪ್ಪಿರಲಿಲ್ಲ. ಬೀಜದ ಹೊಗೆ ನೇರ ನನ್ನ ಮುಖಕ್ಕೆ ಬರುತ್ತಿತ್ತು. ಗೊತ್ತಿದ್ದೇ ನಿಂತೆ.

ಮರುದಿನ ಬೆಳಿಗ್ಗೆ ಕಣ್ಣು ತೆರೆಯಲಾಗಲಿಲ್ಲ. ಮುಖ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿತ್ತು. ಕುತ್ತಿಗೆ, ಕೈ, ಎಲ್ಲ ಗುಳ್ಳೆ. ಅತ್ತೆ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಅವರಿಗೆ ಏನೆಂದು ತಿಳಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ.

"ಇದು ಗೇರಿಂದು. ನಿನಗ ಬೊಟ್ಟು ಸುಮ್ನ ಕುಂತಿತ್ತಲ್ಲ?" ಎಂದರು.

ಮುಚ್ಚಿದ ಕಣ್ಣಲ್ಲೇ ಎಲ್ಲ ಹೇಳಿಬಿಟ್ಟೆ. ಮೂರನೆಯ ದಿನದ ಗುಳ್ಳೆ, ಅವ್ವ ಕೊಪ್ಪಳದಿಂದ ತಂದ ಬೀಜ, ಸೋಮವಾರ ಬೆಳಗಿನ ಹೊಸ ಬೊಟ್ಟು. ಹೊರಗಾಗಿದ್ದೆಲ್ಲ ಸುಳ್ಳು ಎಂಬುದನ್ನೂ ಹೇಳಿದೆ. ಕೊನೆಗೆ "ನಿಮ್ಮ ತಲಿ ಕೆಟ್ಟಿಲ್ಲರಿ ಅತ್ತಿ. ನೀವು ಎಡಗೈಗೇ ಇಟ್ಟಿದ್ರಿ. ನಿಮಗ ಬರೋಬ್ಬರಿ ನೆನಪಿತ್ತು" ಅಂದೆ.

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಹೊಡೆಯಲಿ ಎಂದೂ ಅಂದುಕೊಂಡೆ. ಅದೂ ಇಲ್ಲ. ಎದ್ದು ಒಳಗೆ ಹೋದ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಕೊಬ್ಬರಿ, ಎಳ್ಳು ಅರೆದು ತಂದು ನನ್ನ ಮುಖಕ್ಕೆ ಹಚ್ಚಿದರು. ಗೇರು ಎದ್ದ ಮೈಗೆ ಅವರ ಮದ್ದು ಅದು. ದಿನಕ್ಕೆ ಮೂರು ಸಲ ಹಚ್ಚುತ್ತಿದ್ದರು, ಗಂಜಿ ಕುಡಿಸುತ್ತಿದ್ದರು, ಆದರೆ ಬಾಯಿ ಬಿಡಲಿಲ್ಲ. ನಾಲ್ಕು ದಿನ ಆ ಮನೆಯಲ್ಲಿ ಅವರ ದನಿ ಇರಲಿಲ್ಲ. ನಮ್ಮ ಓಣಿಯವರೇ ಗಾಬರಿಯಾಗಿ ಬಂದು ಬಂದು ಇಣುಕಿ ಹೋದರು.

ನಾನು ಹೇಳಿದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಸೋದರತ್ತೆ ಮಾತ್ರ ಅಂಗಳದಲ್ಲಿ ನಿಂತು ನನಗೆ ಕೇಳುವಂತೆಯೇ ಕೂಗಿದರು. "ಮೋಸ ಮಾಡಿ ಬಂದಾಕಿನ್ನ ಮನ್ಯಾಗ ಇಟ್ಕೊಂಡು ಕುಂದರ್ತೀಯೇನ? ಇವತ್ತ ಬೊಟ್ಟು ಮುಚ್ಚಿಟ್ಲು, ನಾಳೆ ಏನ್ ಮುಚ್ಚಿಡ್ತಾಳೋ. ಬೀಜ ಇರಬೇಕು, ಇಲ್ಲಾ ಆಕಿ ಇರಬೇಕು. ತಿಳಕೋ!"

ಗಂಡನಿಗೂ ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತರು. "ನಾ ಏನ್ ಬೊಟ್ಟು ನೋಡಿ ಹೂಂ ಅಂದಿದ್ನೇನ?" ಅಂದರು. ಆಮೇಲೆ ಮೆಲ್ಲಗೆ, "ಅವ್ವ ಏನಂತಾಳೋ ಅದು. ಆಕಿ ಕಸುಬು ಅದು. ನಾ ಹೆಂಗ ಬಿಡು ಅನ್ನಲಿ?" ಅಂದರು. ಅದೂ ನಿಜವೇ. ಆ ಬೀಜದಿಂದಲೇ ಅತ್ತೆಯನ್ನು ಮರಳಿಯ ಗದ್ದೆಗಳಲ್ಲಿ "ನಮ್ಮವ್ವ" ಎಂದು ಕರೆಯುತ್ತಿದ್ದದ್ದು. ನಿನ್ನೆ ಮೊನ್ನೆ ಬಂದ ಕಳ್ಳಿ ನಾನು, ಅದನ್ನು ಬಿಡಿ ಎಂದು ಯಾವ ಬಾಯಲ್ಲಿ ಕೇಳಲಿ?

ಐದನೆಯ ದಿನ ಗುಳ್ಳೆ ಒಡೆದು ರೆಪ್ಪೆಗಳಿಂದ ನೀರು ಸೋರತೊಡಗಿತು. ಅತ್ತೆ ಬಂದು ನೋಡಿದರು. ಕೊಬ್ಬರಿ ಎಳ್ಳಿನ ಬಟ್ಟಲು ದೂರ ಸರಿಸಿದರು. ನಾಲ್ಕು ದಿನದ ಮೇಲೆ ಅವರ ಬಾಯಿಂದ ಮಾತು ಬಂತು.

"ಎರಡು ಸೀರಿ ಇಟ್ಕೋ. ನಡಿ."

ಎಲ್ಲಿಗೆ ಎಂದು ಕೇಳುವ ಧೈರ್ಯವಿರಲಿಲ್ಲ. ಎರಡು ಸೀರೆ ಚೀಲಕ್ಕೆ ಹಾಕಿದೆ. ಮೂರನೆಯದು ಲಗ್ನದ್ದು, ಅದನ್ನು ಮುಟ್ಟಿ ಅಲ್ಲೇ ಬಿಟ್ಟೆ. ಗಂಡ ಅಂಗಡಿಯಲ್ಲಿದ್ದರು, ಹೇಳಿ ಹೋಗಲೂ ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ನನ್ನನ್ನು ಕೊಪ್ಪಳದ ಬಸ್ಸಿಗೆ ಹತ್ತಿಸಿದಾಗ ಎಲ್ಲ ಸ್ಪಷ್ಟವಾಯಿತು. ಕೊಪ್ಪಳದಲ್ಲಿ ಇಳಿದರೆ ಅಳವಂಡಿ ಬಸ್ಸು.

ಬಸ್ಸಿನಲ್ಲಿ ನನ್ನ ಮುಖ ನೋಡಿದವರೆಲ್ಲ ಸರಿದು ಕೂತರು. ಹಿಂದಿನ ಸೀಟಿನ ಹೆಂಗಸೊಬ್ಬರು, "ಅಮ್ಮ ಆಗ್ಯಾಳೇನ್ರಿ? ಬೇವಿನ ಸೊಪ್ಪರೆ ಸಿಗಿಸ್ಕೊಂಡು ಬರಬಾರದ?" ಎಂದು ಅತ್ತೆಯನ್ನು ಕೇಳಿದರು. "ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ನಿಮ್ಮ ಊರು ಬಂದ್ರ ಇಳೀರಿ" ಅಂದರು ಅತ್ತೆ. ಆ ಸಿಡುಕು ಕೇಳಿ ನನಗೆ ಎಷ್ಟು ಹಿತವಾಯಿತೆಂದರೆ, ಇನ್ನೊಂದೆರಡು ಸಲ ಬೈದರೆ ಸಾಕು, ಅದನ್ನೇ ಕಟ್ಟಿಕೊಂಡು ತವರಿಗೆ ಹೋಗುತ್ತೇನೆ ಅನ್ನಿಸಿತು. ದಾರಿಯುದ್ದಕ್ಕೂ ಗಾಳಿ ನನ್ನ ಮುಖಕ್ಕೆ ಬಡಿಯದಂತೆ ಕಿಟಕಿಯ ಗಾಜು ಎಳೆದು ಹಿಡಿದು ಕೂತಿದ್ದರು. ಗಾಜಿಗೆ ಚಿಲಕ ಇರಲಿಲ್ಲ, ಕೈ ಬಿಟ್ಟರೆ ಸರಿಯುತ್ತಿತ್ತು.

ಕೊಪ್ಪಳದಲ್ಲಿ ಇಳಿದೆವು. ರೆಪ್ಪೆಯ ಸಂದಿಯಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಅಳವಂಡಿಯ ಬೋರ್ಡು ಹಾಕಿದ ಬಸ್ಸು ನಿಂತಿತ್ತು. ಅವರು ನೂಕುವ ಮೊದಲು ನಾನೇ ಹೋದರೆ ಮರ್ಯಾದೆ ಉಳಿಯುತ್ತದೆ ಎಂದು ಚೀಲ ಹಿಡಿದು ಆ ಕಡೆ ತಿರುಗಿದೆ. ಅತ್ತೆ ಹಿಂದಿನಿಂದ ಸೆರಗು ಹಿಡಿದು ಎಳೆದರು.

"ಎತ್ತಾಗ ಹೊಂಟಿ? ಕಣ್ಣು ಕಾಣಂಗಿಲ್ಲೇನ?"

"ನಮ್ಮೂರ ಬಸ್ಸು ರಿ..."

"ದವಾಖಾನಿ ಈ ಕಡೆ ಐತಿ."

"ಮತ್ತ ಎರಡು ಸೀರಿ?"

"ದವಾಖಾನ್ಯಾಗ ಸೇರಿಸ್ಕೊಂಡ್ರ ಮೈಮ್ಯಾಲಿನ ಸೀರ್ಯಾಗ ಇರ್ತೀಯೇನ? ನಡಿ, ಮಳ್ಳಿ!"

ಗಂಗಾವತಿಯಲ್ಲಿ ಡಾಕ್ಟರಿಲ್ಲದೆ ಇಷ್ಟು ದೂರ ಬಂದದ್ದಲ್ಲ ಎಂಬುದು ಆಮೇಲೆ ಹೊಳೆಯಿತು. ಅಲ್ಲಿ ಅವರನ್ನು ಗುರುತಿಸದವರಿಲ್ಲ. ಊರ ಕಾಲೆಲ್ಲ ವಾಸಿ ಮಾಡಿದಾಕೆ ತನ್ನ ಸೊಸೆಯ ಮುಖ ಹಿಡಿದುಕೊಂಡು ದವಾಖಾನೆಯ ಸಾಲಿನಲ್ಲಿ ನಿಂತದ್ದನ್ನು ಯಾರೂ ನೋಡಬಾರದಿತ್ತು. ಅಷ್ಟು ಅಭಿಮಾನದ ಹೆಂಗಸು ಇಲ್ಲಿ ಬೆಂಚಿನ ಮೇಲೆ ಎರಡು ತಾಸು ತಮ್ಮ ಸರದಿಗೆ ಕಾದರು.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಮುಖ ನೋಡಿ, "ಏನು ಹಚ್ಚಿದ್ರಿ ಇದಕ್ಕೆ?" ಎಂದರು. ಅತ್ತೆ ಏನಾದರೂ ಸುಳ್ಳು ಹೇಳುತ್ತಾರೆ ಅಂದುಕೊಂಡೆ.

"ಗೇರಬೀಜದ ಹೊಗಿರಿ. ನಮ್ಮ ಮನ್ಯಾಗ ನಾನೇ ಕಾಸ್ತೀನ್ರಿ. ನನ್ನ ಕೈಯಿಂದನೇ ಆಗಿದ್ದು" ಅಂದರು.

ಡಾಕ್ಟರು ಸಿಟ್ಟಾದರು. ಕಣ್ಣಿಗೆ ಹನಿ ಬಿದ್ದಿದ್ದರೆ ಏನು ಗತಿ ಎಂದರು, ವಿಷ ಅದು, ಔಷಧಿ ಅಂತ ಆಟ ಆಡುತ್ತೀರಾ ಎಂದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು, ಗುಳ್ಳೆಗಿಂತ ಜಾಸ್ತಿ. "ಬೊಟ್ಟು ಇಟ್ಟು ನೋಡಲಾರದ ಅವರು ಯಾರಿಗೂ ಹಚ್ಚಂಗಿಲ್ಲರಿ ಮೇಡಂ. ಮೋಸ ಮಾಡಿದಾಕಿ ನಾನು!" ಎಂದು ಕೂಗಿಬಿಟ್ಟೆ. ಅತ್ತೆ ನನ್ನ ಮೊಣಕಾಲು ಚಿವುಟಿ, "ಸುಮ್ನಿರ. ಅವರು ಓದಿದವರದಾರ" ಅಂದರು.

ಡಾಕ್ಟರು ಬರೆದುಕೊಳ್ಳುತ್ತಾ, "ಮೊದಲು ಯಾವಾಗ ತಾಗಿತ್ತು? ಯಾವ ಕೈಗೆ?" ಎಂದು ಕೇಳಿದರು.

"ಎಡಗೈಗ್ರಿ" ಎಂದರು ಅತ್ತೆ, ನಾನು ಬಾಯಿ ತೆರೆಯುವ ಮೊದಲೇ. "ಹೋಳಿ ಹುಣ್ಣಿವಿ ಆದ ಮರುವಾರ, ಬುಧವಾರ, ಊಟದ ಹೊತ್ತಿನಾಗ. ಹಸರ ಬಳಿ ಹಾಕ್ಕೊಂಡಿದ್ಲು, ಆರಿದ್ವು. ನನಗ ಛಲೋ ನೆನಪೈತಿ." ಎಷ್ಟೋ ತಿಂಗಳ ಮೇಲೆ ಅವರ ದನಿ ಹಳೆಯ ಹಾಗೆ ಗಟ್ಟಿಯಾಗಿತ್ತು.

ಡಾಕ್ಟರು ಚೀಟಿ ಬರೆದುಕೊಟ್ಟರು. ಮುಲಾಮು, ಗುಳಿಗೆ, ಸೂಜಿಮದ್ದು. ಆಮೇಲೆ ಅತ್ತೆಯ ಕಡೆ ತಿರುಗಿ ಸ್ವಲ್ಪ ಮೆತ್ತಗೆ ಹೇಳಿದರು: "ನೋಡಿ ಅಮ್ಮಾ, ಇದು ಇನ್ನು ಮುಂದೆ ಪ್ರತಿ ಸಲ ಹೆಚ್ಚಾಗ್ತಾನೇ ಹೋಗುತ್ತೆ. ಆ ಬೀಜ ಇರೋ ಮನೆಯಲ್ಲಿ ಇವರು ಇರೋ ಹಾಗಿಲ್ಲ. ಇವರು ನಿಮ್ಮ ಮಗಳಾ?"

ಸೋದರತ್ತೆ ಅಂಗಳದಲ್ಲಿ ಕೂಗಿದ ಮಾತೇ ಅದು. ನಾನು ಸೀರೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ಮಗಳಲ್ಲರಿ, ಸೊಸಿ" ಎಂದರು ಅತ್ತೆ. "ಮಗಳಾಗಿದ್ರ ಕೊಟ್ಟ ಮನಿಗೆ ಕಳಿಸಿ ಬೀಜ ಇಟ್ಕೊಂತಿದ್ದೆ. ಈಕಿ ನಮ್ಮ ಮನ್ಯಾಗ ಇರಾಕಿ. ಬೀಜನೇ ಹೊರಗ ಹೋಗ್ತೈತಿ ಬಿಡ್ರಿ."

ಅಂದ ಮಾತಿಗೆ ತಪ್ಪಲಿಲ್ಲ. ಬೀಜದ ಡಬ್ಬಿ ಕಾಲುವೆ ದಂಡೆಯ ಹಳೆಯ ಪಂಪ್‌ಸೆಟ್ ಮನೆಗೆ ಹೋಯಿತು. ಅತ್ತೆ ಇವತ್ತಿಗೂ ನಾಟಿಯ ಕಾಲದಲ್ಲಿ ಅಲ್ಲಿಗೇ ಹೋಗಿ ಕೂರುತ್ತಾರೆ. ಗುಣವಾಗದ ಕಾಲುಗಳನ್ನು ದವಾಖಾನೆಗೆ ಅಟ್ಟುತ್ತಾರೆ, ಉಳಿದವಕ್ಕೆ ಬೈಯುತ್ತಾ ಹಚ್ಚುತ್ತಾರೆ. ಮುಗಿಸಿ, ಅಲ್ಲೇ ಸೀಗೆಪುಡಿ ಹಾಕಿ ಮೈ ತಿಕ್ಕಿ ತೊಳೆದು, ಬೇರೆ ಸೀರೆ ಉಟ್ಟು, ಬಿಚ್ಚಿದ್ದನ್ನು ತಾವೇ ಒಗೆದು ಒಣಹಾಕಿ ಮನೆಗೆ ಬರುತ್ತಾರೆ. ಬಟ್ಟೆಗೆ ಈಗ ದಾರದ ಗುರುತು. ಅದನ್ನು ಹಾಕುವವಳು ನಾನು, ಮರೆತರೆ ನೆನಪಿಸುವವರು ಅವರು.

ಆದರೆ ಅವತ್ತು, ಆ ಡಾಕ್ಟರ ಮುಂದೆ, ಇದೊಂದೂ ನನಗೆ ಗೊತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಬಂದು ಕೂತವಳಿಗೆ ದುಃಖ ಒತ್ತರಿಸಿ ಬಂತು. ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದೆ. ಮಂದಿ ನೋಡುತ್ತಿದ್ದರು. ಅತ್ತೆ ಪಕ್ಕಕ್ಕೆ ಕೂತರು, ತಮ್ಮ ಸೆರಗಿನ ತುದಿಯನ್ನು ಸುರುಳಿ ಮಾಡಿ, ಗುಳ್ಳೆಗೆ ತಾಗದ ಹಾಗೆ ನನ್ನ ಕಣ್ಣಿನ ಕೆಳಗೆ ಹಿಡಿದರು.

"ಅಳಬ್ಯಾಡ, ಮಳ್ಳಿ" ಎಂದು ಗದರಿದರು. "ಉಪ್ಪುನೀರು. ಹುಣ್ಣಿಗೆ ಬಿದ್ರ ಉರಿತೈತಿ."